ಬದುವಿನ ಮೇಲೆ ಅಲುಗದೆ ಮಲಗಿದ ಮರಿ

ದಢೇಸುಗೂರು
12 ಆಗಸ್ಟ್ 2024

ಪ್ರೀತಿಯ ಗೌಸಿಯಾ,

ಹಟ್ಟಿಯಲ್ಲಿ ನೀನೂ ಮಕ್ಕಳೂ ಆರಾಮ ಇದ್ದೀರೆಂದು ನಂಬಿದ್ದೇನೆ. ನಾನು ಆರಾಮ ಇಲ್ಲ. ಫೋನಿನಲ್ಲಿ ಹೇಳೋಣವೆಂದರೆ ಈ ಮನೆಯಲ್ಲಿ ಗೋಡೆಗಳಿಗಿಂತ ಕಿವಿಗಳೇ ಹೆಚ್ಚು. ಓದಿ ಒಲೆಗೆ ಹಾಕು.

ಹೋದ ವಾರ ನಾಟಿಯ ಹೆಣ್ಣಾಳುಗಳಿಗೆ ಬುತ್ತಿ ಒಯ್ದಿದ್ದೆ. ಬದುವಿನ ಮೇಲೆ ಕೂತು ರೊಟ್ಟಿ ಹಂಚುತ್ತಿದ್ದರೆ ನನ್ನ ಪಾದದ ಪಕ್ಕದಲ್ಲೇ ಗೇಣುದ್ದದ ಹಾವಿನ ಮರಿ! ಮೈತುಂಬ ಕಂದು ಬಣ್ಣದ ದುಂಡು ಮಚ್ಚೆ. ನಾನು ಕಿರುಚಿ ಕಾಲೆಳೆದುಕೊಂಡರೂ ಅದು ಅಲುಗಲಿಲ್ಲ. ನನ್ನ ಗಂಡ ಚನ್ನು ಓಡಿಬಂದು, ಹೆಬ್ಬಾವಿನ ಮರಿ ಎಂದು ನಕ್ಕು, ಫೋಟೊ ತೆಗೆದು, ಕೋಲಿನಿಂದ ಕಾಲುವೆ ಕಡೆ ತಳ್ಳಿದರು. ಆಳುಗಳಲ್ಲಿ ಹಿರಿಯಳಾದ ಮಾಬುಬೀ ಮಾತ್ರ ಹಾವನ್ನು ನೋಡಲಿಲ್ಲ, ನನ್ನ ಹೊಟ್ಟೆ ನೋಡಿದಳು. ಬಸುರಿ ಮುಂದ ಹಾವು ಅಲುಗಾಡಂಗಿಲ್ಲ, ಅದರ ಕಣ್ಣಿಗೆ ಪೊರಿ ಬರ್ತೈತಿ ಅಂದಳು.

ಮದುವೆಯಾಗಿ ಆರು ವರ್ಷ, ಮಡಿಲು ಇನ್ನೂ ಬರಿದು. ನಮ್ಮ ಮಾವ ಬಳಗಾನೂರಿನಲ್ಲಿ ಮಗನಿಗೆ ಇನ್ನೊಂದು ಹೆಣ್ಣು ನೋಡಿದ್ದು ನಿನಗೆ ಗೊತ್ತಲ್ಲ. ನಾಟಿ ಮುಗಿದ ಮೇಲೆ ನನ್ನನ್ನು ಮಸ್ಕಿಗೆ, ತವರಿಗೆ, ಬಿಟ್ಟುಬರುವುದೆಂದು ತೀರ್ಮಾನವೂ ಆಗಿತ್ತು. ಅಂದು ಸಂಜೆ ಮಾಬುಬೀಯ ಮಾತು ಕಿವಿಗೆ ಬಿದ್ದು ಅದೇ ಮಾವ ಸಿಂಧನೂರಿನಿಂದ ಪೇಡೆ ತಂದರು. ನಾನು ಹೌದೆನ್ನಲಿಲ್ಲ, ಅಲ್ಲವೆನ್ನಲೂ ಇಲ್ಲ. ದಿನ ಮೇಲಾಗಿತ್ತು, ನನಗೂ ಆಸೆಯಿತ್ತು.

ನಿನ್ನೆ ಬೆಳಿಗ್ಗೆ ಮುಟ್ಟಾದೆ.

ಬಚ್ಚಲಲ್ಲಿ ಅತ್ತು ಹೊರಗೆ ಬಂದರೆ ನಿನ್ನ ತಮ್ಮ ನಾಸೀರ್‌ನ ಫೋನ್. ಲಿಂಗಸುಗೂರಿನಲ್ಲಿ ಹಾವು ಹಿಡಿಯುತ್ತಾನಲ್ಲ ಎಂದು ನಾನೇ ಅವನಿಗೆ ಆ ಫೋಟೊ ಕಳಿಸಿದ್ದೆ, ಬರೀ ಜಂಬಕ್ಕೆ. ಅಕ್ಕಾ, ಅದು ಹೆಬ್ಬಾವಲ್ಲ, ಕೊಳಕುಮಂಡಲ, ಮರಿಗೂ ವಿಷ ಐತಿ, ಒಮ್ಮೆಗೇ ಇಪ್ಪತ್ತು ಮೂವತ್ತು ಹುಟ್ತಾವ, ಹೆಣ್ಮಕ್ಕಳ್ನ ಆ ಬದುವಿಗೆ ಬಿಡಬ್ಯಾಡ್ರಿ ಅಂದ. ಮತ್ತೆ ಅದು ಅಲುಗಲಿಲ್ಲವೇಕೆ ಎಂದು ಕೇಳಿದೆ. ಅದರ ಗುಣವೇ ಹಾಗಂತೆ. ಯಾರು ಬಂದರೂ ಬಿದ್ದಲ್ಲೇ ಬಿದ್ದಿರುತ್ತದಂತೆ, ತುಳಿದರೆ ಮಾತ್ರ ಮುಗಿಯಿತು.

ಅದು ಎಂಥ ಹಾವೆಂದು ಹೇಳಿದರೆ ಎಲ್ಲರೂ ನಂಬಿದ ನನ್ನ ಬಸಿರು ಸುಳ್ಳಾಗುತ್ತದೆ. ಹೇಳದಿದ್ದರೆ ಮಾಬುಬೀ ಬರಿಗಾಲಲ್ಲಿ ಅದೇ ಬದುವಿನ ಮೇಲೆ ನಡೆಯುತ್ತಾಳೆ. ಅರೆಗಳಿಗೆ ಲೆಕ್ಕ ಹಾಕುತ್ತಾ ನಿಂತೆ ಗೌಸಿಯಾ, ಥೂ, ನನಗೇ ಹೇಸಿಗೆಯಾಯಿತು.

ನಮ್ಮ ಅತ್ತೆ ಕಲ್ಯಾಣಮ್ಮ ಒಗ್ಗರಣೆ ಹಾಕುತ್ತಿದ್ದರು. ಮುಟ್ಟಾದದ್ದು, ನಾಸೀರ್ ಹೇಳಿದ್ದು, ಎಲ್ಲ ಒದರಿಬಿಟ್ಟೆ. ಬೈಗುಳಕ್ಕೆ ತಯಾರಾಗಿದ್ದೆ. ಅವರು ಒಲೆ ಆರಿಸಿ ಸೀದಾ ಗದ್ದೆಗೆ ನಡೆದು, ಊರಿಗೆಲ್ಲ ಕೇಳುವಂತೆ ಕೊಳಕುಮಂಡಲ ಎಂದು ಕೂಗಿ, ಆಳುಗಳನ್ನೆಲ್ಲ ಅಲ್ಲಿಂದ ಎಬ್ಬಿಸಿದರು. ಮಾಬುಬೀ, ಅತ್ತೆಯ ಹಿಂದೆಯೇ ಓಡಿಬಂದಿದ್ದ ನನ್ನತ್ತ ತಿರುಗಿ, ಅಂಥಾ ಹಾವೂ ಕಚ್ಚಲಿಲ್ಲ ಅಂದ್ರ ಬಸಿರು ಖರೇನ ನೋಡು ಅಂದಳು! ನಾನು ಬಾಯಿ ತೆರೆಯುವಷ್ಟರಲ್ಲಿ ಅತ್ತೆ ನನ್ನ ಕೈ ಅಮುಕಿದರು.

ಮನೆಗೆ ಬರುವ ದಾರಿಯಲ್ಲಿ ಹೇಳಿದರು: ಹಾವಿನ ಹೆಸರು ಎಲ್ಲಾರ್ಗೂ ಹೇಳೀನಿ, ಅದರ ಗುಣ ನಮ್ಮಿಬ್ಬರ ನಡುವ ಇರ್ಲಿ, ಬಳಗಾನೂರಿನವರು ಬ್ಯಾರೆ ಕಡೆ ವರ ನೋಡಿಕೊಳ್ಳೋತನಕ ಪೇಡೆ ತಿಂದ್ಕೊಂಡು ಸುಮ್ನಿರು.

ನಾಸೀರ್‌ಗೆ ನೀನೇ ಹೇಳು, ಯಾರು ಕೇಳಿದರೂ ವಿಷದ ಮಾತಷ್ಟೇ ಆಡಲಿ.

ಇನ್ನೂ ಎದೆ ಹೊಡೆದುಕೊಳ್ಳುತ್ತಿರುವ ನಿನ್ನ
ರಾಜಶ್ರೀ

ಮತ್ತೊಂದು ಮಾತು: ಇಷ್ಟು ಧೈರ್ಯ ಎಲ್ಲಿಂದ ಬಂತೆಂದು ಈಗಷ್ಟೇ ಅತ್ತೆಯನ್ನು ಕೇಳಿದೆ. ಚನ್ನು ಹುಟ್ಟುವ ಮೊದಲು ಅವರಿಗೂ ಸವತಿ ತರಲು ಹೊರಟಿದ್ದರಂತೆ, ಅವರನ್ನೂ ಹಾವೇ ಉಳಿಸಿತಂತೆ. ನಿನ್ನ ಮುಂದ ಖರೇ ಹಾವರ ಬಂದಿತ್ತು ಯವ್ವಾ, ನಾ ಹಾವು ಕಂಡೇ ಇರ್ಲಿಲ್ಲ ಅಂದರು.