ಬಿಳಿಜಿಂಕೆ ಪಡಖಾನೆ ನಿಂತಿದ್ದ ನೆಲ

ಟಾಲ್ಮನ್ಸ್ ಫೋರ್ಕ್, ಓಹಾಯೊ
ಫೆಬ್ರವರಿ ಮೂವತ್ತು, 2189

ನನ್ನ ಮೊಮ್ಮಕ್ಕಳ ಮೊಮ್ಮಕ್ಕಳೇ,

ತಾರೀಖು ತಪ್ಪಿದೆ ಎಂದುಕೊಳ್ಳಬೇಡಿ. ನಮ್ಮ ಕಾಲದಲ್ಲಿ ತಿಂಗಳುಗಳನ್ನೆಲ್ಲ ಸಮ ಮಾಡುವಾಗ ಫೆಬ್ರವರಿಗೂ ಮೂವತ್ತು ದಿನ ಕೊಟ್ಟರು. ನಿಮ್ಮ ಹೊತ್ತಿಗೆ ಅದೂ ಬದಲಾಗಿರಬಹುದು. ನನ್ನ ಮಾತು ನಿಮ್ಮ ಕಿವಿಗೆ ಒರಟಾಗಿ ಕೇಳಿಸಿದರೆ ಮನ್ನಿಸಿ. ಗದಗಿನಿಂದ ದನದ ಡಾಕ್ಟರಾಗಿ ಈ ಊರಿಗೆ ಬಂದು, ಇಲ್ಲಿನ ಪಡಖಾನೆಯನ್ನು ಕೊಂಡು, ಇಲ್ಲೇ ಮಣ್ಣಾದ ಮುತ್ತಜ್ಜಿ ನೀಲಗಂಗಾ ನಮ್ಮ ಮನೆಯೊಳಗೆ ಬಿಟ್ಟುಹೋದ ಕನ್ನಡ ಇದು. ಈ ಊರಲ್ಲಿ ಈಗ ನಾವು ಐದಾರು ಮಂದಿ ಮಾತ್ರ ಇದನ್ನು ಆಡುತ್ತೇವೆ.

ಪಡಖಾನೆ ಎಂದರೆ ಊರವರು ಕೂತು ಕುಡಿಯುವ, ದಾರಿಹೋಕರು ಉಂಡು ಮಲಗುವ ಮನೆ. ನಮ್ಮದರ ಹೆಸರು ಬಿಳಿಜಿಂಕೆ. 1821ರಲ್ಲಿ ಹೆಪ್ಜಿಬಾ ಟಾಲ್ಮನ್ ಎಂಬ ವಿಧವೆ ಅದನ್ನು ಉಪ್ಪುನೀರಿನ ಒರತೆಯ ಪಕ್ಕದಲ್ಲಿ ಮರದ ದಿಮ್ಮಿಗಳಿಂದ ಕಟ್ಟಿಸಿದಳು. ಹಗಲೆಲ್ಲ ಉಪ್ಪು ಕಾಯಿಸಿ, ಸಂಜೆ ದೋಣಿಯವರಿಗೆ ವಿಸ್ಕಿ ಸುರಿಯುತ್ತಿದ್ದಳು. ಉಪ್ಪು ನೆಕ್ಕಲು ಜಿಂಕೆಗಳು ಬರುತ್ತಿದ್ದುದರಿಂದ ಆ ಹೆಸರು. ಊರಿನ ಮೊದಲ ನ್ಯಾಯಾಲಯ ಅಲ್ಲೇ ಕೂತಿತು, ಮದುವೆಗಳೂ ಅಲ್ಲೇ ಆದವು. ದೇಶದಲ್ಲಿ ಹೆಂಡ ನಿಷೇಧಿಸಿದ ವರ್ಷಗಳಲ್ಲಿ ಮೇಲೆ ಐಸ್‌ಕ್ರೀಮ್ ಮಾರಿ ನೆಲಮಾಳಿಗೆಯಲ್ಲಿ ವಿಸ್ಕಿ ಕೊಡುತ್ತಿದ್ದರಂತೆ. ಕಾನೂನು ಕಾಯಬೇಕಾದ ಊರಿನ ಶೆರಿಫ್‌ನೇ ಮೇಲೆ ತಿಂದು ಕೆಳಗೆ ಕುಡಿಯುತ್ತಿದ್ದನಂತೆ. ನೀಲಗಂಗಾ ಮಾಡಿದ ಬದಲಾವಣೆ ಒಂದೇ, ಮಿರ್ಚಿ ಭಜಿ. ಭಾನುವಾರ ಚರ್ಚು ಬಿಟ್ಟೊಡನೆ ಜನ ಅದಕ್ಕೆ ಸಾಲುಗಟ್ಟುತ್ತಿದ್ದರು.

ನನ್ನ ಅವ್ವ ಗೌರವ್ವ ಅದನ್ನು ನಡೆಸುತ್ತಿದ್ದಾಗ ಒಂದು ಕಂಪನಿ ಬಂತು. ಊರಡಿಯ ಉಪ್ಪನ್ನು ಬಿಸಿನೀರಿನಲ್ಲಿ ಕರಗಿಸಿ ತೆಗೆದು, ಆ ಪೊಳ್ಳಿನಲ್ಲಿ ದೊಡ್ಡ ನಗರಗಳ ಹೊಗೆಯನ್ನು ಒತ್ತಿ ತುಂಬಿಡುವುದು ಅದರ ಕಸುಬು. ಆ ಪೊಳ್ಳುಗಳನ್ನು ನಾವು ಉಸಿರುಗುಡಾಣ ಎನ್ನುತ್ತಿದ್ದೆವು. ಊರಿಗೆ ಕೆಲಸ ಸಿಕ್ಕಿತು, ಶಾಲೆಗೆ ಹೊಸ ಮಾಡು ಬಂತು. ಯಾರೂ ಬೇಡವೆನ್ನಲಿಲ್ಲ, ಅವ್ವನೂ ಒಪ್ಪಿದಳು. ಕೆಲವು ವರ್ಷಗಳಲ್ಲಿ ನೆಲಮಾಳಿಗೆಯ ಗೋಡೆ ಬೆವರಿ ಉಪ್ಪಿನ ಹುಡಿ ಬಿಡತೊಡಗಿತು. ಬಿಲಿಯರ್ಡ್ಸ್ ಮೇಜಿನ ಚೆಂಡುಗಳು ಯಾರೂ ಮುಟ್ಟದೆ ಒಂದೇ ಮೂಲೆಗೆ ಉರುಳುತ್ತಿದ್ದವು. ಗಿರಾಕಿಗಳು ಅದನ್ನೇ ಆಟ ಮಾಡಿಕೊಂಡು ನಕ್ಕರು.

ಕಂಪನಿಯ ಎಂಜಿನಿಯರ್ ಡ್ವೈಟ್ ಆಂಬ್ಲರ್ ನಮ್ಮಲ್ಲಿಗೆ ಬರುತ್ತಿದ್ದ ಮೃದು ಮಾತಿನ ಮನುಷ್ಯ. ಪಡಖಾನೆಗೆ ಮುನ್ನೂರು ವರ್ಷ ತುಂಬುವ ಹಬ್ಬ ಹತ್ತಿರ ಬಂದಾಗ ಒಂದು ಮಧ್ಯಾಹ್ನ ಅವರು ಅವ್ವನನ್ನು ಪಕ್ಕಕ್ಕೆ ಕರೆದರು. ನಾನು ಅವಳ ಸೆರಗು ಹಿಡಿದು ನಿಂತಿದ್ದೆ.

"ಗೌರಾ, ಹಬ್ಬಕ್ಕೆ ಮುಂಚೆ ಬಾಗಿಲು ಹಾಕಿಬಿಡಿ. ಕೆಳಗೆ ನೆಲ ಹೊತ್ತಿರೋ ಉಪ್ಪಿನ ಕಂಬ ನಿಲ್ಲೋದಿಲ್ಲ."

"ನಿಮ್ಮ ಕಂಪನಿಯವ್ರಿಗೆ ಹೇಳೀರೇನು?"

"ಹೇಳಿದೆ. ಹಬ್ಬ ಮುಗೀಲಿ, ಆಮೇಲೆ ನೋಡೋಣ ಅಂದ್ರು."

"ಹಂಗಾದ್ರ ಊರ ಮುಂದ ನಿಂತು ಹೇಳ್ರಿ."

ಅವರು ಟೋಪಿಯನ್ನು ಕೈಯಲ್ಲಿ ತಿರುಗಿಸುತ್ತ, "ನನಗೂ ಸಂಸಾರ ಇದೆ, ಗೌರಾ," ಎಂದರು.

ಹಬ್ಬದ ದಿನ ಅವ್ವ ಬೀಗ ಹಾಕಿ, ನನ್ನ ಪುಟ್ಟ ತಮ್ಮನನ್ನು ಬಗಲಲ್ಲಿ ಎತ್ತಿಕೊಂಡು ಮೆಟ್ಟಿಲ ಮೇಲೆ ನಿಂತಳು. ಬ್ಯಾಂಡು ಬಾರಿಸುತ್ತ ಊರಿಗೆ ಊರೇ ಬಂತು. ಅಲ್ಲೇ ಮದುವೆಯಾಗಿದ್ದ ಮುದುಕಿ ಮೇಬಲ್ ಫೆನ್ ಮುಂದೆ ಬಂದು, "ಮುನ್ನೂರು ವರ್ಷ ನಿಂತ ಮನೆ ಇವತ್ತೇ ಬೀಳತ್ತಾ? ದಾರಿ ಬಿಡಮ್ಮ," ಎಂದಳು.

"ಕೈ ಮುಗೀತೀನ್ರಿ, ಒಳಗ ಹೋಗಬ್ಯಾಡ್ರಿ," ಎಂದಳು ಅವ್ವ. ಯಾರೋ ಕಬ್ಬಿಣದ ಸಲಾಕೆಯಿಂದ ಬೀಗ ಮುರಿದರು.

ನನ್ನ ಅಪ್ಪ ಎಲೈಜಾ, "ನೀ ಮಕ್ಕಳನ್ನ ಗುಡ್ಡಕ್ಕ ಕರ್ಕೊಂಡು ನಡಿ. ಇವರನ್ನ ಹೊರಗ ತಂದು ಬರ್ತೀನಿ," ಎಂದು ಒಳಗೆ ಹೋದ. ಆಂಬ್ಲರ್ ಬೀದಿಯಲ್ಲಿ ಓಡಿ ಬರುವುದು ಗುಡ್ಡದಿಂದ ಕಂಡಿತು. ಅಂದು ಅವರು ಎಲ್ಲರೆದುರು ಕೂಗಿ ಹೇಳಿದರು. ಬ್ಯಾಂಡಿನ ಸದ್ದಿನಲ್ಲಿ ಯಾರೂ ಕೇಳಿಸಿಕೊಳ್ಳಲಿಲ್ಲ. ಅವರೂ ಒಳಗೆ ಹೋದರು.

ಪಡಖಾನೆಯ ಹೊಗೆಗೂಡು ಒಂದಿಷ್ಟೂ ವಾಲದೆ, ಮೆಟ್ಟಿಲಿಳಿಯುವವರ ಹಾಗೆ ನೆಟ್ಟಗೆ ಕೆಳಗಿಳಿಯಿತು. ಮಾಡು ಅದರ ಹಿಂದೆ ಹೋಯಿತು. ಬ್ಯಾಂಡು ನಿಂತಿತು. ಕೆಲವರು ಹೊರಗೆ ಓಡಿ ಬಂದರು. ನಾನು ಅಪ್ಪನನ್ನು ಹುಡುಕುತ್ತಿದ್ದೆ. ಆಗ ಗುಂಡಿಯೊಳಗಿಂದ ಉಸಿರುಗುಡಾಣದ ಗಾಳಿ ಬೆಳ್ಳಗೆ, ಮೊಣಕಾಲೆತ್ತರಕ್ಕೆ ಹರಿದು, ಬರಬರುತ್ತ ಏರಿ ಬೀದಿ ತುಂಬಿತು. ಓಡುತ್ತಿದ್ದವರು ಒಬ್ಬೊಬ್ಬರಾಗಿ ಅದರಲ್ಲಿ ಉಸಿರುಗಟ್ಟಿ ಮಲಗಿಬಿಟ್ಟರು. ಅವ್ವ ನನ್ನ ಕಣ್ಣು ಮುಚ್ಚಲಿಲ್ಲ. ಅವಳಿಗೆ ಅದು ಹೊಳೆಯಲೇ ಇಲ್ಲ.

ಈಗ ಅಲ್ಲೊಂದು ಕೆರೆಯಿದೆ, ಕಣ್ಣು ಕೀಳಲಾಗದಷ್ಟು ನೀಲಿ. ನಾವು ನಡೆಮನೆಗಳಲ್ಲಿದ್ದೇವೆ, ಅಂದರೆ ನೆಲ ಕುಸಿದರೆ ಎಳೆದೊಯ್ಯಬಹುದಾದ ಗಾಲಿಮನೆಗಳು. ಆದರೆ ಅಂದು ಬಗಲಲ್ಲಿದ್ದ ನನ್ನ ತಮ್ಮ ಸಿಡ್ನಿಗೆ ಯಾವುದೂ ನೆನಪಿಲ್ಲ. ಅವನು ಕೆರೆಯ ದಡದಲ್ಲಿ ಹೊಸ ಬಿಳಿಜಿಂಕೆಯನ್ನು ಕಟ್ಟಿಸಿದ್ದಾನೆ, ಕಲ್ಲಿನ ಅಡಿಪಾಯ ಹಾಕಿ. ನಾಳೆ ಬಾಗಿಲು ತೆರೆಯುತ್ತದೆ. ನನ್ನ ಮೊಮ್ಮಗಳು ಕೊರಿನ್ ಅಡುಗೆಗೆ ನಿಲ್ಲುತ್ತಾಳಂತೆ. ಬೆಳಿಗ್ಗೆ ಕಾಲಿಗೆ ಬಿದ್ದು ಹೋದಳು.

"ನೀರು ಹೊಸ ಮನೀ ಕಟ್ಟೀಗೆ ಬಂದೈತಂತಲ್ಲ," ಎಂದೆ ಸಿಡ್ನಿಗೆ.

"ಬಂದೈತಿ, ಅಕ್ಕಾ. ಎಷ್ಟು ಚಂದ ಕಾಣಸ್ತೈತಿ ನೋಡ ಬಾ," ಎಂದ.

ಮಕ್ಕಳೇ, ಆ ಕೆರೆ ಇನ್ನೂ ಬೆಳೆಯುತ್ತಿದೆ. ನಿಮ್ಮ ಕಾಲದಲ್ಲಿ ಯಾರಾದರೂ ಬಂದು ನೆಲ ಗಟ್ಟಿಯಾಗಿದೆ, ನಿಮ್ಮ ಹಿರಿಯರ ಜಾಗ, ತಿರುಗಿ ಬನ್ನಿ ಎಂದರೆ ಹೋಗಬೇಡಿ. ಈ ಕಾಗದವನ್ನು ಗುಡ್ಡದ ಮೇಲಿನ ನೆರೆಯವಳ ಕೈಗೆ ಕೊಟ್ಟು ನಾನು ನಾಳೆ ಇಳಿದು ಹೋಗುತ್ತೇನೆ. ಕೊರಿನ್‌ಳನ್ನು ಕೈ ಹಿಡಿದು ಎಳೆದಾದರೂ ತರುತ್ತೇನೆ. ಬರಲೊಲ್ಲೆನೆಂದರೆ ಅವಳನ್ನು ಅಲ್ಲಿ ಒಬ್ಬಳನ್ನೇ ಬಿಟ್ಟು ಬರಲು ನನ್ನಿಂದಾಗದು.

ನಿಮ್ಮ ಅಜ್ಜಿ,
ರುಕ್ಮಾ ಕಾಲ್ಡ್‌ವೆಲ್