ದೋಣಿ ವಿಹಾರ, ತೋಟದ ಊಟ, ಒಂದು ಕತ್ತೆ

ಮನೆ,
ಬುಧವಾರ, ಮಾರ್ಚ್ ೧೨

ನನ್ನ ಪುಟ್ಟಾ,

ಹೇಗಿದ್ದೀಯಪ್ಪ? ಕೆಮ್ಮು ಹೋಯಿತಾ, ಇಲ್ಲ ಇನ್ನೂ ಎದೆಯಲ್ಲೇ ಮನೆ ಮಾಡಿಕೊಂಡು ಕೂತಿದೆಯಾ? ಹಡಗಿನ ಹೊಟ್ಟೆಯೊಳಗೆ ಇಳಿದು ವೆಲ್ಡಿಂಗ್ ಮಾಡುವಾಗ ಮೂಗಿಗೆ ಬಟ್ಟೆ ಕಟ್ಟಿಕೋ ಅಂತ ನಾನು ಪ್ರತಿ ಕಾಗದದಲ್ಲೂ ಬರೆಯುತ್ತೇನೆ, ನೀನು ಪ್ರತಿ ಉತ್ತರದಲ್ಲೂ 'ಆಯ್ತಮ್ಮಾ' ಅಂತೀಯ. ನಿನ್ನ 'ಆಯ್ತಮ್ಮಾ' ಎಷ್ಟು ತೂಗುತ್ತೆ ಅಂತ ಹೆತ್ತವಳಿಗೆ ಗೊತ್ತಿಲ್ಲವಾ? ನಾನು ಚೆನ್ನಾಗಿದ್ದೇನೆ. ಮಂಡಿನೋವು ಇದ್ದದ್ದೇ, ಅದು ನನ್ನ ಒಡಹುಟ್ಟಿದ ತಂಗಿಯ ಹಾಗೆ, ಜಗಳವಾಡಿದರೂ ಬಿಟ್ಟು ಹೋಗುವುದಿಲ್ಲ. ನಿಮ್ಮಪ್ಪನೂ ಚೆನ್ನಾಗಿದ್ದಾರೆ. ಅವರ ಸುದ್ದಿ ಬಂದ ಕೂಡಲೇ ನೀನು ಆ ಸಾಲು ಹಾರಿಸಿ ಓದುತ್ತೀಯ, ನನಗೆ ಗೊತ್ತು. ಈ ಸಲ ಹಾರಿಸಬೇಡ. ಹಾರಿಸಿದರೆ ಈ ಕಾಗದದಲ್ಲಿ ನಿನಗೆ ಉಳಿಯುವುದು ನನ್ನ ಮಂಡಿ ಮಾತ್ರ. ಫೋನಿನಲ್ಲೇ ಹೇಳಬಹುದಿತ್ತು, ಆದರೆ ಈ ಮನೆಯ ಗೋಡೆ ತೆಳ್ಳಗೆ, ಅವರ ಕಿವಿ ಚುರುಕು.

ನಮ್ಮ ಮದುವೆಯಾದ ದಿನ ಅಂತ ನಿನ್ನ ಅಕ್ಕ ಭಾವ ಸೇರಿ ಎರಡು ಟಿಕೆಟ್ ಕಳಿಸಿದ್ದರು. ಸರೋವರದಲ್ಲಿ ದೋಣಿ ವಿಹಾರ, ಆಚೆ ದಡದಲ್ಲಿ ತೋಟದ ಭೇಟಿ, ತೋಟದಲ್ಲೇ ಊಟ. 'ಒಂದು ದಿನವಾದರೂ ನಾಲ್ಕು ಗೋಡೆ ಬಿಟ್ಟು ಹೊರಗೆ ಬನ್ನಿ ಅಮ್ಮಾ' ಅಂದಳು ಅಕ್ಕ. ಪಾಪ, ಆಸೆಯಿಂದ ಮಾಡಿದ್ದು, ಅವಳ ಮೇಲೆ ಸಿಟ್ಟಿಲ್ಲ. ಟಿಕೆಟ್ಟಿನ ಮೇಲೆ ನೀಲಿ ನೀರು, ಬಿಳೀ ದೋಣಿ, ಹಲ್ಲು ಬಿಡುವ ಜೋಡಿ. ಆ ಚಿತ್ರ ತೆಗೆದವನ ಕೈಗೆ ಬರೆ ಹಾಕಬೇಕು. ನೀರು ಎಲ್ಲಿತ್ತು? ನಾವು ಆಸ್ಪತ್ರೆಯ ಲಾಂಡ್ರಿಯಲ್ಲಿ ಬೆಡ್‌ಶೀಟಿಗೆ ಹಾಕುತ್ತಿದ್ದ ಗಂಜಿಗೆ ಹಸಿರು ಬಣ್ಣ ಕಲಸಿಟ್ಟ ಹಾಗಿತ್ತು. ದೋಣಿ ಮುಂದೆ ಹೋದರೆ ಆ ಗಂಜಿ ಎರಡು ಹೋಳಾಗಿ, ಹಿಂದೆ ಮತ್ತೆ ಪಚಕ್ಕಂತ ಕೂಡಿಕೊಳ್ಳುತ್ತಿತ್ತು. ಮಧ್ಯೆ ಮಧ್ಯೆ ಹೊಟ್ಟೆ ಮೇಲೆ ಮಾಡಿಕೊಂಡು ತೇಲುವ ಮೀನು. ಡೀಸೆಲ್ ಹೊಗೆ ನೇರವಾಗಿ ನಮ್ಮ ಸೀಟಿನ ಕಡೆಗೇ. ಸೀಟೋ, ಮುಟ್ಟಿದರೆ ಕೈ ಅಂಟಿಕೊಳ್ಳುತ್ತೆ. ನಮಗಿಂತ ಮುಂಚೆ ಕೂತ ಯಾವನೋ ಏನೋ ಸಿಹಿ ಚೆಲ್ಲಿದ್ದಾನೆ, ಒರೆಸುವ ಗೋಜಿಗೆ ಯಾರೂ ಹೋಗಿಲ್ಲ. ನಾನು ಕರವಸ್ತ್ರ ಹಾಸಿಕೊಂಡು ಕೂತೆ. ಎದ್ದಾಗ ಕರವಸ್ತ್ರ ಸೀಟಿಗೆ, ನಾನು ನನ್ನ ದಾರಿಗೆ.

ಮೈಕು ಹಿಡಿದವನೊಬ್ಬ ಇದ್ದ. 'ಬಲಗಡೆ ನೋಡಿ, ಸ್ವರ್ಗ! ಎಡಗಡೆ ನೋಡಿ, ಸ್ವರ್ಗ!' ಅಂತ ಬಡಕೊಳ್ಳುತ್ತಿದ್ದ. ಎಡಗಡೆ ನೋಡಿದೆ. ಯಾವುದೋ ಹೋಟೆಲಿನ ಕೊಳವೆ ಬಾಯಿ ತೆರೆದುಕೊಂಡು ಸ್ವರ್ಗದೊಳಕ್ಕೆ ಕೊಚ್ಚೆ ಬಿಡುತ್ತಿತ್ತು. ನಮ್ಮ ಮುಂದಿನ ಸೀಟಿನಲ್ಲಿ ಕೆಂಪು ಟೋಪಿಯ ಒಬ್ಬ ದಢೂತಿ ಆಸಾಮಿ, ಗೆಳೆಯರ ಗುಂಪು ಕಟ್ಟಿಕೊಂಡು ಬಂದವನು, ಕಿತ್ತಳೆ ತಿಂದು ಬೀಜ ಸಿಪ್ಪೆ ಎಲ್ಲಾ ನೀರಿಗೆ ಉಗಿಯುತ್ತಾ ಕೂತಿದ್ದ. ಗಾಳಿಗೆ ಅರ್ಧ ನಿಮ್ಮಪ್ಪನ ತೋಳಿಗೆ ಬಂತು. ಅವರು ಒರೆಸಿಕೊಂಡರು. ನಾನು ಮೊಣಕೈಯಿಂದ ತಿವಿದರೆ 'ಇರಲಿ ಬಿಡೇ' ಅಂದರು.

ಆಚೆ ದಡದಲ್ಲಿ ದೊಡ್ಡ ಬೋರ್ಡು: 'ತೋಟದಿಂದ ನೇರ ತಟ್ಟೆಗೆ.' ತೋಟದ ಯಜಮಾನಿ ಒಣಹುಲ್ಲಿನ ಟೋಪಿ ಇಟ್ಟುಕೊಂಡು, ಇಸ್ತ್ರಿ ಮಾಡಿದ ಏಪ್ರನ್ ತೊಟ್ಟು, ಬಾಗಿಲಲ್ಲೇ ನಿಂತು 'ನಿಮ್ಮ ಮನೆ ಅಂದ್ಕೊಳ್ಳಿ' ಅಂದಳು. ನಮ್ಮ ಮನೆ ಹಾಗಿದ್ದಿದ್ದರೆ ನಾನು ಬೆಂಕಿ ಇಡುತ್ತಿದ್ದೆ. ಕೋಳಿಗಳಿಗೆ ಕತ್ತಿನಲ್ಲಿ ಪುಕ್ಕವಿಲ್ಲ. ಮೊಲಗಳ ಕಣ್ಣಲ್ಲಿ ಪಿಸುರು, ಮಕ್ಕಳು ಅವನ್ನು ಒಬ್ಬರ ಕೈಯಿಂದ ಒಬ್ಬರಿಗೆ ಚೆಂಡಿನ ಹಾಗೆ ದಾಟಿಸುತ್ತಿದ್ದವು. ಹಾಲು ಕರೆಯುವ ಅನುಭವ ಅಂತ ಒಂದು ಮರದ ಹಸು, ರಬ್ಬರ್ ಕೆಚ್ಚಲು, ಒಳಗೆ ಸುಣ್ಣ ಕಲಸಿದಂಥ ನೀರು. ದೊಡ್ಡ ದೊಡ್ಡವರು ಸಾಲಾಗಿ ನಿಂತು ಆ ರಬ್ಬರು ಎಳೆದು ಫೋಟೋ ತೆಗೆಸಿಕೊಂಡರು ಕಣೋ! ನಿನ್ನಾಣೆ.

ಊಟದ ವಿಷಯ ಬರೆಯುವಾಗಲೂ ನನಗೆ ಓಕರಿಕೆ ಬರುತ್ತೆ. ಸೂಪು ಅಂತ ಪಾತ್ರೆ ತೊಳೆದ ನೀರು. ಆಲೂಗೆಡ್ಡೆ ಹೊರಗೆ ಬೆಂದು ಒಳಗೆ ಕಲ್ಲು. ಮೀನಿನ ಮುಖ ನೋಡಿದರೆ ಬೆಳಿಗ್ಗೆ ದೋಣಿ ಪಕ್ಕ ತೇಲುತ್ತಿದ್ದದ್ದರ ಅಣ್ಣನೋ ತಮ್ಮನೋ ಅನ್ನಿಸಿತು. ನನ್ನ ತಟ್ಟೆಯ ಸೊಪ್ಪಿನಲ್ಲಿ ಒಂದು ಉದ್ದ ಕೂದಲು, ಎಳೆದಷ್ಟೂ ಬರುತ್ತೆ. ಎದ್ದು ಕೈ ತೊಳೆಯೋಣ ಅಂತ ಅಡುಗೆಮನೆ ಹಿಂದೆ ಹೋದರೆ ಅಲ್ಲೊಂದು ವ್ಯಾನು. ನಮ್ಮ ಬೀದಿ ಕೊನೆಯ ಮಾರ್ಕೆಟ್ಟಿನ ನೀಲಿ ಕ್ರೇಟುಗಳಿಂದ ತರಕಾರಿ ಇಳಿಸುತ್ತಿದ್ದಾನೆ ಡ್ರೈವರು! ನನ್ನನ್ನು ನೋಡಿ ನಕ್ಕು, 'ತೋಟ ಇದೇ ಅಮ್ಮಾ, ನಾಲ್ಕು ಚಕ್ರದ್ದು' ಅಂದ. ವಾಪಸು ಬಂದು ನೋಡುತ್ತೇನೆ, ನಿಮ್ಮಪ್ಪ ತಟ್ಟೆ ಬಳಿದು ತಿಂದು ಮುಗಿಸಿದ್ದಾರೆ. ಯಜಮಾನಿ ಬಂದು 'ಊಟ ಹೇಗಿತ್ತು?' ಅಂದಳು. 'ಸರಿಯಾಗಿತ್ತು' ಅಂದರು.

ಪುಟ್ಟಾ, ನಿಜ ಹೇಳುತ್ತೇನೆ, ಅಷ್ಟು ಹೊತ್ತು ಪಟ್ಟ ಹೇಸಿಗೆ ಎಲ್ಲಾ ಒಂದು ತೂಕವಾದರೆ ಆ ಒಂದು ಮಾತಿಗೆ ಆದದ್ದು ಇನ್ನೊಂದು ತೂಕ. ಬಸ್ ನಿಲ್ದಾಣದ ಟಿಕೆಟ್ ಕೌಂಟರಿನಲ್ಲಿ ಕೂತು, ಗಾಜಿನ ತೂತಿನಿಂದ ಜನ ಉಗಿದದ್ದನ್ನೆಲ್ಲಾ 'ಸರಿ ಸರಿ' ಅಂತ ನುಂಗಿದವರು. ನೌಕರಿ ಮುಗಿದರೂ ಆ ತೂತು ಅವರ ಮುಖದ ಮುಂದಿಂದ ಹೋಗಲಿಲ್ಲ. ನೀನು ಕೆಲಸಕ್ಕಿದ್ದ ವರ್ಕ್‌ಶಾಪಿನ ಮಾಲೀಕ ನಮ್ಮ ಹೊಸ್ತಿಲಲ್ಲಿ ನಿಂತು, ಬೀದಿಗೆಲ್ಲಾ ಕೇಳುವ ಹಾಗೆ ನಿನ್ನನ್ನು ಕಳ್ಳ ಅಂದಾಗಲೂ ಅದೇ ತಾನೇ? 'ಸರಿ, ನೀವು ಹೇಳಿದ ಮೇಲೆ ಸರಿ.' ನಿನ್ನ ಮುಖ ನಾನು ನೋಡಿದೆ. ಮಾರನೇ ಬೆಳಿಗ್ಗೆ ನಿನ್ನ ಹಾಸಿಗೆ ಖಾಲಿ. ಅವತ್ತಿನಿಂದ ಈ ಮನೆಯಲ್ಲಿ ಅವರು ನಿನ್ನ ಹೆಸರೆತ್ತಿಲ್ಲ, ನೀನು ನಿನ್ನ ಕಾಗದದಲ್ಲಿ ಅವರ ಹೆಸರೆತ್ತಿಲ್ಲ, ನಡುವೆ ನಾನು ಅಂಚೆಪೇದೆ.

ಊಟ ಆದ ಮೇಲೆ ಕತ್ತೆ ಸವಾರಿ ಅಂತ ಎಲ್ಲರನ್ನೂ ಅಂಗಳಕ್ಕೆ ಕರೆದರು. ಒಂದು ಮುದಿ ಹೆಣ್ಣುಕತ್ತೆ. ಮೈಮೇಲೆ ಬಣ್ಣಬಣ್ಣದ ಜೂಲು, ಕಿವಿಗೆ ಕಾಗದದ ಹೂವು. ಮಕ್ಕಳನ್ನು ಹತ್ತಿಸಿ ಒಂದೊಂದು ಸುತ್ತು. ಕತ್ತೆ ಒಂದು ಹೆಜ್ಜೆ ಇಟ್ಟು ನಿಲ್ಲುತ್ತೆ, ದೋಣಿಯಲ್ಲಿದ್ದ ಅದೇ ಮೈಕಿನವನು ಕೋಲಿನಿಂದ ತಿವಿಯುತ್ತಾನೆ, ಇನ್ನೊಂದು ಹೆಜ್ಜೆ. ನಾನು ನಿಂತಿದ್ದ ಕಡೆಗೆ ಬಂದಾಗ ಒಂದು ವಾಸನೆ ಬಂತು. ಕೊಟ್ಟಿಗೆ ವಾಸನೆ ಅಲ್ಲ. ಜೀವನವೆಲ್ಲಾ ಆಸ್ಪತ್ರೆಯ ಬಟ್ಟೆ ಒಗೆದವಳು ನಾನು, ಕೀವು ಮೂರು ಪದರದ ಕೆಳಗಿದ್ದರೂ ನನ್ನ ಮೂಗಿಗೆ ತಿಳಿಯುತ್ತೆ. ನಿಮ್ಮಪ್ಪನ ಕಿವಿಯಲ್ಲಿ ಹೇಳಿದೆ, 'ಆ ಜೂಲಿನ ಕೆಳಗೆ ಕೊಳೆತಿದೆ ರೀ.' ಅಷ್ಟರಲ್ಲಿ ಕೆಂಪು ಟೋಪಿಯವನು, ನಾನೂ ಹತ್ತುತ್ತೇನೆ, ಫೋಟೋ ತೆಗೀರೋ ಅಂತ ಗೆಳೆಯರಿಗೆ ಹೇಳಿ, ಕಾಲೆತ್ತಿ ಧೊಪ್ಪಂತ ಕೂತೇಬಿಟ್ಟ. ಕತ್ತೆ ಮುಂಗಾಲು ಮಡಿಚಿ ಕುಸಿಯಿತು. ಕೂಗಲಿಲ್ಲ, ಅರಚಲಿಲ್ಲ, ಮೂಗಿನಿಂದ ಒಂದು ಉಸಿರು ಬಿಟ್ಟು ಮತ್ತೆ ಎದ್ದು ನಿಂತಿತು. ಜನವೆಲ್ಲಾ ಹೋ ಅಂತ ನಕ್ಕರು.

ನನ್ನ ಪಕ್ಕ ನೋಡುತ್ತೇನೆ, ನಿಮ್ಮಪ್ಪ ಇಲ್ಲ. ಅಂಗಳದ ಮಧ್ಯೆ ಹೋಗಿ ಮೈಕಿನವನ ಕೈಯಿಂದ ಹಗ್ಗ ತೆಗೆದುಕೊಂಡಿದ್ದಾರೆ. 'ಇಳೀರಿ' ಅಂದರು, ಆ ದಢೂತಿಗೆ. ಮೈಕಿನವನು ನಗುತ್ತಲೇ 'ಯಜಮಾನ್ರೇ, ಹಗ್ಗ ಬಿಡಿ, ಅದಕ್ಕೆ ಅಭ್ಯಾಸ ಇದೆ' ಅಂದ. 'ಬಿಡಲ್ಲ' ಅಂದರು. ಪುಟ್ಟಾ, ಇಷ್ಟು ವರ್ಷದ ಸಂಸಾರದಲ್ಲಿ ಆ ಬಾಯಲ್ಲಿ ಆ ಪದ ನಾನು ಕೇಳಿರಲಿಲ್ಲ. ಕೆಂಪು ಟೋಪಿಯವನು ಮೇಲಿಂದಲೇ 'ಟಿಕೆಟ್ ತಗೊಂಡು ಬಂದಿದೀವಿ ಕಣ್ರೀ, ಪುಕ್ಕಟೆ ಅಲ್ಲ' ಅಂತ ಗದರಿದ. ನಿಮ್ಮಪ್ಪ ಹೇಳಿದರು, 'ನಾನು ಜೀವಮಾನವಿಡೀ ಟಿಕೆಟ್ ಕೊಟ್ಟವನು. ಟಿಕೆಟ್ ಕೊಡೋದು ಸೀಟಿನ ಮೇಲೆ ಕೂರೋಕೆ. ಹುಣ್ಣಿನ ಮೇಲೆ ಕೂರೋಕಲ್ಲ.' ಮೈಕಿನವನು ಹಗ್ಗ ಜಗ್ಗಿದ. ನಿಮ್ಮಪ್ಪ ಲದ್ದಿಯ ಮೇಲೆ ಕುಕ್ಕರಿಸಿ ಬಿದ್ದರು, ನಾನು ಇಸ್ತ್ರಿ ಮಾಡಿದ ಪ್ಯಾಂಟು, ಆದರೆ ಹಗ್ಗವನ್ನು ಮುಂಗೈಗೆ ಸುತ್ತಿಕೊಂಡಿದ್ದರು. ಬಿದ್ದಲ್ಲೇ ಕೂತರು. ಜನ ಫೋನು ಎತ್ತಿ ಹಿಡಿದರು. 'ಈಗ ಎರಡು ಕತ್ತೆ!' ಅಂದ ಯಾವನೋ.

ಮೊದಲು ನನಗೂ ನಾಚಿಕೆಯಾಯಿತು, ಸುಳ್ಳು ಯಾಕೆ ಹೇಳಲಿ. ಭೂಮಿ ಬಾಯಿ ಬಿಡಬಾರದಾ ಅನ್ನಿಸಿತು. ಆದರೆ ಆ ಎರಡು ಕತ್ತೆ ಅನ್ನುವ ಮಾತು ಕೇಳಿ ನನ್ನ ರಕ್ತ ಕುದಿಯಿತು. ನನ್ನ ಗಂಡನನ್ನು ಕತ್ತೆ ಅನ್ನುವ ಹಕ್ಕು ಇರುವವಳು ಈ ಲೋಕದಲ್ಲಿ ನಾನೊಬ್ಬಳೇ. ನುಗ್ಗಿಹೋಗಿ ಆ ದಢೂತಿಯ ತೊಡೆ ಕೆಳಗಿಂದ ಜೂಲಿನ ಅಂಚು ಹಿಡಿದು ಸರ್‍ರಂತ ಎತ್ತಿಬಿಟ್ಟೆ. ಅಯ್ಯಪ್ಪಾ, ಅಂಗೈಯಗಲದ ಹುಣ್ಣು, ಅದರೊಳಗೆ ಬಿಳೀ ಹುಳ ಮಿಜಿಮಿಜಿ ಅನ್ನುತ್ತಿದ್ದವು. ಆ ನಾತಕ್ಕೆ ಜನ ಮೂಗು ಮುಚ್ಚಿಕೊಂಡು ಚೆಲ್ಲಾಪಿಲ್ಲಿ. ಕೆಂಪು ಟೋಪಿಯವನು ಇಳಿದು ಪ್ಯಾಂಟು ನೋಡಿಕೊಂಡು, ತಿಂದ ಸೂಪನ್ನೆಲ್ಲಾ ಗಿಡದ ಬುಡಕ್ಕೆ ವಾಪಸು ಕೊಟ್ಟ. ಮರುಗಿದ್ದು ಒಬ್ಬರೂ ಇಲ್ಲ ಕಣೋ. 'ಛೀ, ಊಟ ಆದ ಮೇಲೆ ಇಂಥದ್ದು ತೋರಿಸ್ತಾರಾ' ಅಂತ ನನ್ನನ್ನೇ ಬೈದುಕೊಂಡು ದೋಣಿ ಕಡೆ ಹೋದರು. ಆ ಜನರನ್ನು ಕಂಡು ಆದಷ್ಟು ಅಸಹ್ಯ ನನಗೆ ಹುಳ ಕಂಡು ಆಗಲಿಲ್ಲ.

ಯಜಮಾನಿ ಬಂದಳು. ಬಾಗಿಲಲ್ಲಿ ಇದ್ದ ಜೇನುತುಪ್ಪ ಈಗ ಮುಖದಲ್ಲಿ ಇರಲಿಲ್ಲ. 'ಅಷ್ಟು ಕರುಳು ಚುರ್ ಅಂದ್ರೆ ನಿಮ್ಮ ಮನೆಗೇ ಹೊಡ್ಕೊಂಡು ಹೋಗಿ. ಹೇಗೂ ಈ ವಾರ ಸಾಗಹಾಕೋದಿತ್ತು' ಅಂದಳು. ಅವಳು ಅಂದದ್ದು ಚುಚ್ಚುವುದಕ್ಕೆ. ನಿಮ್ಮಪ್ಪ ಎದ್ದು ನಿಂತು, ಅವಳ ಮುಖವನ್ನೇ ನೋಡಿ, 'ಸರಿ' ಅಂದರು. ದೋಣಿ ಸೈರನ್ ಊದಿತು, ಊದಿತು, ಹೊರಟೇ ಹೋಯಿತು. ಆ ಅಂಗಳದಲ್ಲಿ ಉಳಿದವರು ನಾವು ಮೂವರು.

ದೇವರು ದೊಡ್ಡವನು, ತರಕಾರಿ ವ್ಯಾನು ಖಾಲಿಯಾಗಿ ಊರಿಗೆ ಹೊರಟಿತ್ತು. ಡ್ರೈವರು ತಲೆ ಕೆರೆದುಕೊಂಡು, ಹಲಗೆ ಒರಗಿಸಿ, ನೀಲಿ ಕ್ರೇಟು ಸರಿಸಿ ಜಾಗ ಮಾಡಿದ. ನಾನು ಮುಂದೆ ಅವನ ಪಕ್ಕ ಕೂತೆ, ನಿಮ್ಮಪ್ಪ ಹಿಂದೆ, ಕತ್ತೆಯ ಕತ್ತು ತಬ್ಬಿಕೊಂಡು. ಕೆರೆ ಸುತ್ತಿಕೊಂಡು ಬರುವ ರಸ್ತೆಯುದ್ದಕ್ಕೂ ಸಣ್ಣ ಗಾಜಿನಿಂದ ತಿರುಗಿ ತಿರುಗಿ ನೋಡಿದೆ. ಅವರ ತುಟಿ ಅಲ್ಲಾಡುತ್ತಲೇ ಇತ್ತು. ಅದಕ್ಕೆ ಏನೋ ಹೇಳುತ್ತಿದ್ದರು, ನಿಲ್ಲಿಸದೆ. ನನ್ನ ಜತೆ ಒಂದು ವರ್ಷದಲ್ಲಿ ಆಡದಷ್ಟು ಮಾತು. ಇಂಜಿನ್ ಸದ್ದಿಗೆ ಒಂದಕ್ಷರ ಕೇಳಿಸಲಿಲ್ಲ, ಆಮೇಲೆ ನಾನೂ ಕೇಳಲಿಲ್ಲ.

ಈಗ ಅದು ನಿನ್ನ ಮೋಟರ್‌ಸೈಕಲ್ ಶೆಡ್ಡಿನಲ್ಲಿದೆ. ಹಳೇ ಬೆಡ್‌ಶೀಟು ಕುದಿಸಿ ಹರಿದು, ಉಪ್ಪುನೀರಿನಲ್ಲಿ ಹುಣ್ಣು ತೊಳೆದೆ, ಚಿಮಟದಲ್ಲಿ ಹುಳ ಆರಿಸಿದೆ. ನಿಮ್ಮಪ್ಪ ಬೋಗುಣಿ ಹಿಡಿದು ನಿಂತರು, ಎರಡು ಸಲ ಹೊರಗೆ ಹೋಗಿ ಕಕ್ಕಿ ಬಂದು ಮತ್ತೆ ಹಿಡಿದರು. ದನದ ಡಾಕ್ಟರು ಸೂಜಿ ಹಾಕಿ, 'ಉಳಿಯುತ್ತೆ, ಆದರೆ ಇನ್ನು ಏನನ್ನೂ ಹೊರಿಸೋ ಹಾಗಿಲ್ಲ' ಅಂದರು. ನಿನ್ನ ಅಕ್ಕ ಫೋನಿನಲ್ಲಿ 'ಊರೆಲ್ಲಾ ಅಪ್ಪನ ವಿಡಿಯೋ ನೋಡ್ತಿದೆ, ಮಾನ ಹೋಯ್ತು' ಅಂತ ಅತ್ತಳು. ಭಾವ ಮಾತ್ರ ಹಿಂದಿನಿಂದ ಗೊಳ್ಳಂತ ನಗುತ್ತಿದ್ದ. ಪಕ್ಕದ ಮನೆಯವಳು ವಾಸನೆ ಅಂತ ಕಿಟಕಿ ಮುಚ್ಚಿಕೊಂಡಿದ್ದಾಳೆ. ಮುಚ್ಚಿಕೊಳ್ಳಲಿ. ನನ್ನ ಕೈಯ ನಾತ ನನಗೇ ಹೋಗಿಲ್ಲ, ಎಷ್ಟು ಸೋಪು ಹಾಕಿದರೂ ಅನ್ನದ ತುತ್ತು ಬಾಯಿ ಹತ್ತಿರ ಬಂದಾಗ ಬಂದೇಬಿಡುತ್ತೆ.

ನೀನು ಹೊತ್ತಿಗೆ ಸರಿಯಾಗಿ ತಿನ್ನು. ಮೂಗಿಗೆ ಬಟ್ಟೆ ಕಟ್ಟಿಕೋ. ನಿನ್ನ ರೂಮಿನ ಗೆಳೆಯನಿಗೆ, ಜ್ವರದಲ್ಲಿ ನಿನ್ನನ್ನು ನೋಡಿಕೊಂಡನಲ್ಲ ಅವನಿಗೆ, ಈ ತಾಯಿಯ ನೆನಪು ಹೇಳು. ನಿನ್ನ ಕೈಕಾಲು ಗಟ್ಟಿಯಾಗಿರಲಿ, ನಿನ್ನ ಎದೆ ಹಗುರವಾಗಿರಲಿ, ನನ್ನ ಆಯಸ್ಸಲ್ಲಿ ಮಿಕ್ಕಿದ್ದು ನಿನಗೆ ಸೇರಲಿ.

ಇಂತಿ ನಿನ್ನ,
ಅಮ್ಮ

ಮ.ಬ.: ಅಂಟು ಹಚ್ಚುವುದರೊಳಗೆ ಇನ್ನೊಂದು ಮಾತು, ಬೀದಿಯ ಅಂಚೆ ಡಬ್ಬಿ ತೆರೆಯುವವನು ಬರುವ ಹೊತ್ತಾಯಿತು. ನಿಮ್ಮಪ್ಪ ಇವತ್ತು ತಿಂಡಿ ತಿನ್ನದೆ, ಒಳ್ಳೇ ಶರಟು ಹಾಕಿಕೊಂಡು ಹೊರಗೆ ಹೋಗಿದ್ದರು. ಈಗ ಬಂದು ಚಪ್ಪಲಿ ಬಿಚ್ಚುತ್ತಿದ್ದಾರೆ. ಎಲ್ಲಿಗೆ ಅಂದೆ. 'ಆ ವರ್ಕ್‌ಶಾಪಿಗೆ' ಅಂದರು. ಏನಂತ ಹೇಳಿದಿರಿ ಅಂದೆ. 'ನನ್ನ ಮಗ ಕದ್ದಿಲ್ಲ ಅಂತ.' ಅವನು ಏನಂದ? 'ನಕ್ಕ. ಅದಕ್ಕೆ ಅಲ್ಲಿದ್ದ ಕೆಲಸದವರನ್ನೆಲ್ಲಾ ಕರೆದು, ಎಲ್ಲರೆದುರು ಇನ್ನೊಂದ್ಸಲ ಹೇಳಿದೆ.' ಅಷ್ಟು ಹೇಳಿ ಕತ್ತೆಗೆ ನೀರಿಡಲು ಹೋದರು. ನಾನು ಇದನ್ನು ನಿನಗೆ ಬರೆಯುತ್ತಿರುವುದು ಅವರಿಗೆ ಗೊತ್ತಿಲ್ಲ. ಮುಂದಿನ ಕಾಗದ ನನಗೆ ಬರೆಯಬೇಡ ಪುಟ್ಟಾ. ಲಕೋಟೆಯ ಮೇಲೆ ಅವರ ಹೆಸರು ಹಾಕು.