ಗೆದ್ದ ಕುರ್ಚಿ ಯಾರದು?

ಅಕ್ಕಾ,
ಪ್ರವೇಶ ಶುಲ್ಕ ಇನ್ನೂರು, ಚೌಕಟ್ಟಿಗೆ ಮುನ್ನೂರೈವತ್ತು, ರೈಲಿಗೆ ನೂರ ನಲವತ್ತು, ಒಟ್ಟು ಆರುನೂರ ತೊಂಬತ್ತು ಕೈಬಿಟ್ಟು ಹೋಯಿತು. ಫೋಟೋ ಸ್ಪರ್ಧೆಯ ವಿಷಯ ‘ಕಾಯುವುದು’ ಅಂದಿದ್ದೇ ತಡ, ನನ್ನ ಹಾಗೇ ಎಲ್ಲರೂ ಖಾಲಿ ಕುರ್ಚಿಯನ್ನೇ ಕಳಿಸಿದ್ದಾರೆ. ಗೋಡೆ ತುಂಬ ಕುರ್ಚಿ, ಕೂರೋಕೆ ಮಾತ್ರ ಒಂದೂ ಇಲ್ಲ.

ಮೊದಲ ಬಹುಮಾನ ಎರಡು ಸಾವಿರ ನನಗೇ ಅಂದರು. ಹತ್ತಿರ ಹೋಗಿ ನೋಡಿದರೆ, ನನ್ನ ಹೆಸರು ಅಂಟಿಸಿದ ಕುರ್ಚಿಯ ಕೈಗೆ ನೀನು ಸುತ್ತಿದ ಹಗ್ಗವೇ ಇಲ್ಲ! ಹಗ್ಗ ಸುತ್ತಿದ ಕುರ್ಚಿ ಪಕ್ಕದಲ್ಲಿದೆ, ಒಬ್ಬ ಟೀಚರಮ್ಮನ ಹೆಸರಲ್ಲಿ.

“ನಮ್ಮೆಜಮಾನರ ಕುರ್ಚಿ ನನಗೆ ಗೊತ್ತಾಗಲ್ವೇನಪ್ಪಾ? ಹೆಸರಿನ ಚೀಟಿ ಅದಲುಬದಲಾಗಿದೆ, ಗೆದ್ದಿದ್ದು ನಂದು” ಅಂತಾರೆ ಆಕೆ.

“ಏನ್ ಸಾರ್, ನೀವೇ ತೆಗೆದ ಫೋಟೋ ನಿಮಗೇ ಗೊತ್ತಾಗಲ್ವಾ?” ಅಂತ ವ್ಯವಸ್ಥಾಪಕರು ನಕ್ಕರು.

ನಿಜಕ್ಕೂ ಗೊತ್ತಾಗ್ತಿಲ್ಲ ಕಣೇ. ನಮ್ಮ ಕುರ್ಚಿಯ ಮುರಿದ ಕೈಗೆ ನೀನು ಹಗ್ಗ ಸುತ್ತಿದ್ದು ಫೋಟೋ ತೆಗೆಯೋ ಮುಂಚೆಯೋ, ಆಮೇಲೋ? ನೆಗೆಟಿವ್ ನಿನ್ನ ಬೀರುವಿನಲ್ಲಿದೆ. ಬೆಳಕಿಗೆ ಹಿಡಿದು ನೋಡಿ ಕೂಡಲೇ ಬರೆ. ಅಲ್ಲಿವರೆಗೆ ದುಡ್ಡು ನಿಮ್ಮ ಹತ್ತಿರವೇ ಇರಲಿ ಅಂತ ವ್ಯವಸ್ಥಾಪಕರಿಗೆ ಹೇಳಿದ್ದೇನೆ.

ಮೊಣಕಾಲು ನೋವು ಇಳಿದಿದೆ. ಕಾರ್ಡಿನಲ್ಲಿ ಜಾಗ ಮುಗೀತು.
ನಿನ್ನ ತಮ್ಮ

ಸದ್ಯದ ಲೆಕ್ಕ: ಚೌಕಟ್ಟಿನವನಿಗೆ ಮುನ್ನೂರೈವತ್ತು, ಸ್ಪರ್ಧೆಯವರಿಗೆ ಇನ್ನೂರು, ನನಗೆ ಚಪ್ಪಾಳೆ, ಟೀಚರಮ್ಮನಿಗೆ ಇನ್ನೂ ಏನೂ ಇಲ್ಲ.